ಸಿರಿಂಜಿಗೆ ಸುತ್ತಿದ ಕೆಂಪು ನೂಲು

"ಡಾಕ್ಟರ್ ನೀಯಾ, ನಾನಾ?" ಎಂದು ತಮಿಳಿನಲ್ಲಿ ಗದರುತ್ತ ತಮಿಳುನಾಡಿನ ಕಂಬಂ ಊರಿನ ವೈದ್ಯರು ನನ್ನ ಸೋದರತ್ತೆಯ ಇನ್ಸುಲಿನ್ ಸಿರಿಂಜಿಗೆ ಸುತ್ತಿದ್ದ ಕೆಂಪು ನೂಲನ್ನು ಕತ್ತರಿಸಿ ಎಸೆದರು.

ಓದುಬಾರದ ಅತ್ತೆ ತಾವೇ ಕಟ್ಟಿಕೊಂಡಿದ್ದ ಗುರುತು ಅದು: ಗದ್ದೆಯಲ್ಲಿ ಕಳೆ ಕೀಳುವ ದಿನ ಔಷಧಿಯನ್ನು ಆ ನೂಲಿನವರೆಗೆ ಮಾತ್ರ ಎಳೆದುಕೊಳ್ಳಬೇಕು. ವೈದ್ಯರು ಬರೆದುಕೊಟ್ಟ ಪೂರ್ತಿ ಅಳತೆಯನ್ನು ಚುಚ್ಚಿಕೊಂಡು ದುಡಿಯಲು ಹೋದಾಗ ಅವರು ಸಕ್ಕರೆ ಮಟ್ಟ ಕುಸಿದು ಎರಡು ಸಲ ಬೆವತು, ನಡುಗಿ, ಕೆಸರಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಮನೆಯಲ್ಲಿ ಕೂರುವ ದಿನಕ್ಕೂ ಬಿಸಿಲಲ್ಲಿ ಬಗ್ಗಿ ದುಡಿಯುವ ದಿನಕ್ಕೂ ಒಂದೇ ಅಳತೆ ಬರೆದದ್ದು ಅನ್ಯಾಯ. ಆಕೆಯ ಕೆಲಸವೇನೆಂದು ಒಮ್ಮೆಯೂ ಕೇಳದಿದ್ದುದು ಇನ್ನೂ ದೊಡ್ಡ ಅನ್ಯಾಯ.

ಸಿಟ್ಟಿನಲ್ಲಿ ಅತ್ತೆಯ ಬಾಯಿಗೆ ಬಂದದ್ದು ನಮ್ಮ ಮನೆಮಾತಾದ ಕನ್ನಡ. "ಡಾಕ್ಟ್ರು ನೀವೇ ಸಾಮಿ. ಮಯಕ್ಕ ಬಂದು ಕೆಸರ್ನಾಗೆ ಬೀಳೋದು ನೀವಾ, ನಾನಾ?"

ವೈದ್ಯರು ನನ್ನತ್ತ ತಿರುಗಿ, ಆಕೆ ಹೇಳಿದ್ದೇನೆಂದು ಕೇಳಿದರು. ಊರೂರಿನಲ್ಲಿ ಸಮಾನತೆಯ ಭಾಷಣ ಮಾಡುವ ನಾನು, "ಇನ್ನು ಮುಂದೆ ಹೀಗೆ ಮಾಡುವುದಿಲ್ಲವಂತೆ" ಎಂದು ತಮಿಳಿನಲ್ಲಿ ಹೇಳಿದೆ.

ತಮಿಳು ಚೆನ್ನಾಗಿಯೇ ಬಲ್ಲ ಅತ್ತೆ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಸೆರಗಿನಿಂದ ಒಂದೆಳೆ ಕಿತ್ತು ಮತ್ತೆ ಸಿರಿಂಜಿಗೆ ಬಿಗಿದರು. ಆ ವೈದ್ಯರ ಮೇಲಿನ ನನ್ನ ಸಿಟ್ಟು ಇಂದಿಗೂ ಆರಿಲ್ಲ. ಆದರೆ ಆ ಒಂದು ಸುಳ್ಳು ಮಾತಿನಿಂದ ಆ ನೂಲನ್ನು ಎರಡನೆಯ ಸಲ ಕತ್ತರಿಸಿದವನು ನಾನು.