ಹಾರ್ಲನ್‌ನ ತಾಮ್ರದ ಪೆನ್ನಿ

ಹಾರ್ಲನ್ ಫೆಟರಾಲ್ಫ್‌ನ ಅಡುಗೆಮನೆಗೆ ಶನಿವಾರವಾದರೆ ಜನ ಬರುತ್ತಿದ್ದರು. ಉಳಿದ ದಿನ ಅತ್ತ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಪಾಟ್ಸ್‌ವಿಲ್‌ನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ನಾರ್ಮಾ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಪಾಪ, ಅದಕ್ಕೂ ಇವನು ಉತ್ತರ ಕೊಡುತ್ತಿದ್ದ.

ಬರುವವರೇನು ಇವನ ಮುಖ ನೋಡಲು ಬರುತ್ತಿದ್ದರೇ? ಅಪ್ಪ ಕೊಟ್ಟುಹೋದ ೧೯೪೩ರ ಪೆನ್ನಿಯೊಂದು, ಅಂದರೆ ಒಂದು ಸೆಂಟಿನ ನಾಣ್ಯ, ಇವನ ಬಳಿ ಇತ್ತು. ಆ ವರ್ಷ ಯುದ್ಧಕ್ಕೆ ತಾಮ್ರ ಬೇಕೆಂದು ಅಮೆರಿಕದ ಟಂಕಸಾಲೆಯವರು ಪೆನ್ನಿಗಳನ್ನು ಸತು ಬಳಿದ ಉಕ್ಕಿನಲ್ಲಿ ಅಚ್ಚುಹಾಕಿದರು. ಸಂದಿಗೊಂದಿಯಲ್ಲಿ ಉಳಿದಿದ್ದ ಹಳೆಯ ತಾಮ್ರದ ಬಿಲ್ಲೆಗಳು ಕೆಲವು ಮಾತ್ರ ತಪ್ಪಿ ಅಚ್ಚಿಗೆ ಸಿಕ್ಕವು. ಅಂಥದ್ದೊಂದಕ್ಕೆ ಈಗ ಲಕ್ಷ ಡಾಲರಿಗೂ ಮೇಲೆ ಬೆಲೆ. ಹಾರ್ಲನ್‌ನ ಪೆನ್ನಿಯೇನೋ ಕೆಂಪಗಿತ್ತು. ಆದರೆ ಉಕ್ಕಿನ ಪೆನ್ನಿಗೆ ತಾಮ್ರ ಬಳಿದು ಟೋಪಿ ಹಾಕುವವರು ಊರಿಗೊಬ್ಬರಿದ್ದಾರಲ್ಲ! ಅಯಸ್ಕಾಂತ ಹಿಡಿದರೆ ಸಾಕು, ಅಂಟಿದರೆ ನಕಲಿ. ಇಷ್ಟು ಸುಲಭದ ಪರೀಕ್ಷೆಯನ್ನು ಹಾರ್ಲನ್ ಮಾಡಗೊಡುತ್ತಲೇ ಇರಲಿಲ್ಲ.

"ಅಂಟೇ ಅಂಟುತ್ತೆ ಕಣೋ, ಅದಕ್ಕೇ ನಿಂಗೆ ಪುಕಪುಕ," ಎಂದು ಕೆಣಕುತ್ತಿದ್ದ ನಾಣ್ಯ ಸಂಗ್ರಹಿಸುವವರ ಸಂಘದ ಹಳೇ ಗೆಳೆಯ ಅರ್ಲ್.

"ನಿನ್ನ ತಲೆ! ಅಸಲಿ ಇದು. ನಮ್ಮಪ್ಪ ಏನು ದಡ್ಡನಾ?"

"ಅಪ್ಪ ಅಲ್ಲಪ್ಪ, ಮಗ," ಎಂದು ಅದೇ ಸಂಘದ ಲವೀನಾ ತಾನು ತಂದ ಕಾಕಂಬಿ ಪೈ ಎಂಬ ಸಿಹಿತಿಂಡಿ ಕುಯ್ಯುತ್ತ ನಗುತ್ತಿದ್ದಳು.

ಹೀಗೆ ಸಂಜೆಯವರೆಗೂ ಕಿತ್ತಾಟ. ಒಳಗೊಳಗೆ ಹಾರ್ಲನ್‌ಗೂ ಅಳುಕೇ. ಅಂಟಿಬಿಟ್ಟರೆ? ಮತ್ತೆ ಯಾರು ಬರುತ್ತಾರೆ ಈ ಮುದುಕನ ಮನೆಗೆ?

ಒಂದು ಶನಿವಾರ ಅವನು ಲವೀನಾಗೆ ಬಾಗಿಲು ತೆಗೆಯಲು ಹೋದಾಗ, ಅರ್ಲ್ ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಹುಂಜದ ಗೊಂಬೆಯ ಅಯಸ್ಕಾಂತ ಕಿತ್ತು ಪೆನ್ನಿಗೆ ಹಿಡಿದೇಬಿಟ್ಟ. ವಾಪಸು ಬಂದ ಹಾರ್ಲನ್‌ಗೆ ಅದನ್ನು ಕಂಡು ಜೀವವೇ ಬಾಯಿಗೆ ಬಂತು.

"ಅಯ್ಯೋ, ಅಂಟಲಿಲ್ಲ ಕಣೋ!" ಎಂದ ಅರ್ಲ್, ಬೆಪ್ಪಾಗಿ.

ಅಷ್ಟಕ್ಕೇ ನಂಬುವ ಹಾಗಿಲ್ಲ. ೧೯೪೮ರ ತಾಮ್ರದ ಪೆನ್ನಿಯ ಎಂಟನ್ನು ಕೆರೆದು ಮೂರು ಮಾಡುವ ಖದೀಮರೂ ಇದ್ದಾರೆ. ಪೆನ್ನಿಯನ್ನು ಪರಿಣತರಿಗೆ ಕಳಿಸಿದರು. ತೂಕ ಸರಿ, ಮೂರರ ಬಾಲ ಸರಿ, ಲೋಹವೂ ಸರಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಸಲಿಯೆಂಬ ಮುದ್ರೆ ಒತ್ತಿಸಿಕೊಂಡು ಅದು ವಾಪಸು ಬಂದಾಗ ಹಾರ್ಲನ್ ಅತ್ತೇಬಿಟ್ಟ. ಅಪ್ಪ ಗೆದ್ದಿದ್ದ.

ಮನೆಯಲ್ಲಿಟ್ಟುಕೊಳ್ಳಬೇಡ ಎಂದು ಎಲ್ಲರೂ ಹೆದರಿಸಿದ್ದಕ್ಕೆ ಪೆನ್ನಿ ಬ್ಯಾಂಕಿನ ಲಾಕರು ಸೇರಿತು. ಮುಂದಿನ ಶನಿವಾರ ಗೆಳೆಯರು ಬಂದರು, ಫೋಟೋ ನೋಡಿದರು, ಬೇಷ್ ಎಂದರು. ಅಸಲಿ ಎಂದಾದ ಮೇಲೆ ವಾದಿಸುವುದೇನು? ಅರ್ಲ್ ಗಡಿಯಾರ ನೋಡಿ ಎದ್ದ. ಆಮೇಲೆ ಅವರು ಬರುವುದೇ ನಿಂತುಹೋಯಿತು. ಅಂಟಿದರೆ ಯಾರೂ ಬರುವುದಿಲ್ಲ ಎಂದು ಹೆದರಿದ್ದವನಿಗೆ, ಅಂಟದೆಯೂ ಹೀಗಾದೀತೆಂದು ಹೊಳೆದೇ ಇರಲಿಲ್ಲ.

ಒಂದು ಶನಿವಾರ ತಡೆಯಲಾಗದೆ, ಮೂವರಿಗೂ ಕಾಫಿ ಮಾಡಿಟ್ಟು ಲವೀನಾಗೆ ಫೋನು ಮಾಡಿದ.

"ಲವೀನಾ, ನಂಗ್ಯಾಕೋ ಅನುಮಾನ ಕಣೇ. ಆ ಪರಿಣತರೇ ಎಡವಿದಾರೆ ಅನ್ಸುತ್ತೆ. ನಕಲೀನೇ ಇರ್ಬೇಕು. ಬನ್ನಿ, ಕೂತು ಮಾತಾಡೋಣ."

"ಇಷ್ಟು ವರ್ಷ ಅಸಲಿ ಅಸಲಿ ಅಂತ ಬಾಯಿ ಬಡ್ಕೊಂಡೋನು ನೀನೇ ಅಲ್ವೇನೋ!" ಲವೀನಾ ನಕ್ಕಳು. ಅವಳ ಹಿಂದೆ ಅರ್ಲ್‌ನ ಕಿರುಚಾಟ ಕೇಳುತ್ತಿತ್ತು. "ಅರ್ಲ್‌ಗೆ ೧೯೧೪ರದ್ದೊಂದು ಪೆನ್ನಿ ಸಿಕ್ಕಿದೆ. ಡೆನ್ವರ್ ಟಂಕಸಾಲೇದಂತೆ, ಭಾರೀ ಅಪರೂಪದ್ದಂತೆ, ಬರೀ ಬುರುಡೆ. ಇಲ್ಲಿ ಅದೇ ಜಗಳ ನಡೀತಿದೆ. ಇಡ್ತೀನಿ, ಆಯ್ತಾ?"

ನೀನೂ ಬಾ ಎನ್ನುತ್ತಾಳೇನೋ ಎಂದು ಹಾರ್ಲನ್ ಫೋನು ಕಿವಿಗಿಟ್ಟುಕೊಂಡೇ ನಿಂತಿದ್ದ. ಅವಳು ಆಗಲೇ ಇಟ್ಟಾಗಿತ್ತು.

ಲಕ್ಷಾಧಿಪತಿ ಹಾರ್ಲನ್ ಮೂವರ ಕಾಫಿಯನ್ನೂ ಒಬ್ಬನೇ ಕುಡಿದ.