ನಿಂಬೆಹಣ್ಣು ಕಟ್ಟಿಸಿಕೊಂಡ ಕಂಪ್ಯೂಟರ್

ಗಜೇಂದ್ರಗಡದ ನಮ್ಮ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ನಡೆಸಲು ಗೊತ್ತಿದ್ದವಳು ನಾನೊಬ್ಬಳೇ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ಯಾರು ಎಷ್ಟು ನೂಲು ಒಯ್ದರು, ಎಷ್ಟು ಸೀರೆ ತಂದರು ಎಂದು ಎಕ್ಸೆಲ್‌ನಲ್ಲಿ ತುಂಬುತ್ತಿದ್ದೆ. ತಿಂಗಳ ಕೊನೆಗೆ ಒಂದು ಬಟನ್ ಒತ್ತಿದರೆ ಮ್ಯಾಕ್ರೋ ಎಂಬ ಸಣ್ಣ ಪ್ರೋಗ್ರಾಂ ಅದನ್ನೆಲ್ಲ ತಾನೇ ಜೋಡಿಸಿ ವರದಿ ಮಾಡಬೇಕು. ನರಗುಂದದಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಸರ್ ಬರೆದುಕೊಟ್ಟದ್ದು ಅದು.

ಮೊದಮೊದಲು ಚಲೋ ಓಡಿತು. ಆಮೇಲೆ ಅರ್ಧಕ್ಕೆ ನಿಲ್ಲತೊಡಗಿತು. ಓಟವನ್ನು ತಡೆಯಲಾಗಿದೆ ಎಂದು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು. ಯಾರು ತಡೆದರು ಎಂದು ಮಾತ್ರ ಹೇಳುತ್ತಿರಲಿಲ್ಲ.

ಹೇಳಲು ನಮ್ಮಲ್ಲಿ ಪಂಡಿತರಿಗೆ ಬರವೇ? ಕಾರ್ಯದರ್ಶಿಗಳು ವೈರಸ್ ಎಂದರು. ಚಪ್ಪಲಿ ಹೊರಗೆ ಬಿಡುವ ನಿಯಮ ಮೊದಲೇ ಇತ್ತು, ಈಗ ಕಾಲು ತೊಳೆದು ಒಳಗೆ ಬರಬೇಕಾಯಿತು. ಒಬ್ಬ ನಿರ್ದೇಶಕರು ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಅಧ್ಯಕ್ಷರು ಅಮಾವಾಸ್ಯೆಗೆ ನೂಲಿನ ತಕ್ಕಡಿಯ ಜೊತೆ ಕಂಪ್ಯೂಟರಿಗೂ ಪೂಜೆ ಮಾಡುತ್ತಿದ್ದರು. ಈಗ ಶುಕ್ರವಾರವೂ ಶುರು ಹಚ್ಚಿಕೊಂಡರು. ಪೂಜೆ ಹೆಚ್ಚಿದಷ್ಟೂ ಮ್ಯಾಕ್ರೋ ಇನ್ನಷ್ಟು ಲಗೂ ನಿಂತಿತು.

ಕಡೆಗೆ ಫೈಲನ್ನು ಫ್ಲಾಪಿಗೆ ಹಾಕಿಕೊಂಡು, ರೋಣದಲ್ಲಿ ಬಸ್ಸು ಬದಲಿಸಿ ನರಗುಂದಕ್ಕೆ ಹೋದೆ. ಸರ್ ಅವರ ಕಂಪ್ಯೂಟರಿನಲ್ಲಿ ಅದು ಎಲ್ಲೂ ನಿಲ್ಲದೆ ಓಡಿತು. ಖುಷಿಯಿಂದ ಬಂದು ಹೇಳಿದ್ದೇ ನನ್ನ ಕೊರಳಿಗೆ ಬಂತು. ಅಲ್ಲಿ ಓಡಿದ್ದು ಇಲ್ಲಿ ಓಡದಿದ್ದರೆ ಈ ಹುಡುಗಿಯ ಕೈಗುಣವೇ ಸರಿಯಿಲ್ಲ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಮುಂದಿನ ಸಭೆಯಲ್ಲಿ ನನ್ನನ್ನು ಕೆಲಸದಿಂದ ಬಿಡಿಸುತ್ತಾರೆಂದು ಸುದ್ದಿಯಾಯಿತು. ನಮ್ಮ ಮನೆ ನಡೆಯುತ್ತಿದ್ದದ್ದೇ ಈ ಪಗಾರದ ಮೇಲೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಭೆಯ ದಿನ ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಸುಮ್ಮನೆ ನನ್ನ ಹೆಸರು ಟೈಪ್ ಮಾಡಿದೆ. ಎಂಟರ್ ಒತ್ತುವ ಮೊದಲೇ ಅಳಿಸಿಹೋಯಿತು. ಮತ್ತೆ ಮಾಡಿದೆ, ಮತ್ತೆ ಹೋಯಿತು. ಹಾಗೆ ಅಳಿಸುವುದು ಎಡಮೂಲೆಯ ಎಸ್ಕೇಪ್ ಕೀ ಕೆಲಸ. ಓಡುವ ಮ್ಯಾಕ್ರೋ ನಿಲ್ಲಿಸುವುದೂ ಅದೇ. ನಾನಂತೂ ಅದನ್ನು ಮುಟ್ಟಿರಲಿಲ್ಲ. ಹೇರ್‌ಪಿನ್ನಿನಿಂದ ಎಬ್ಬಿಸಿ ನೋಡಿದರೆ, ಕೆಳಗೆ ಕುಂಕುಮ, ಅಕ್ಕಿಕಾಳು, ತೆಂಗಿನಕಾಯಿ ನೀರು ಕೂಡಿ ಅಂಟಾಗಿ ಕೂತಿತ್ತು. ಕೀ ಅದರಲ್ಲಿ ಸಿಕ್ಕಿಕೊಂಡು ತಾನಾಗಿ ಒತ್ತಿಕೊಳ್ಳುತ್ತಿತ್ತು. ಕೀಬೋರ್ಡಿಗೆ ಹಣೆ ಎಲ್ಲಿದೆ ಎಂದು ತಿಳಿಯದ ಅಧ್ಯಕ್ಷರು ಪ್ರತಿ ಪೂಜೆಗೂ ಮೊದಲನೆಯ ಕೀಗೇ ಕುಂಕುಮ ಏರಿಸಿದ್ದರು.

ನಾನು ಒರೆಸಲಿಲ್ಲ. ಕೀಬೋರ್ಡನ್ನು ಹಾಗೇ ಒಯ್ದು ಸಭೆಯ ಮೇಜಿನ ನಡುವೆ ಇಟ್ಟು, ಆದದ್ದು ಹೀಗೆ ಎಂದು ಬಿಡಿಸಿ ಹೇಳಿದೆ. ನಿರ್ದೇಶಕರೆಲ್ಲ ಬಗ್ಗಿ ನೋಡಿದರು. ಅಧ್ಯಕ್ಷರು ಕೆಮ್ಮಿ, ಯಂತ್ರದ ದೋಷ ಸಿಕ್ಕಿತಲ್ಲ, ಸಾಕು ಬಿಡು ಎಂದರು.

"ಯಂತ್ರದ್ದಲ್ರಿ," ಅಂದೆ. "ನನ್ನ ಕೈ ಕೆಲಸಾನೂ ಅಲ್ಲ. ಇದು ನಿಮ್ಮ ಕೈ ಕೆಲಸರಿ."

ನನ್ನನ್ನು ಬಿಡಿಸುವ ಮಾತನ್ನು ಅಧ್ಯಕ್ಷರು ಆಮೇಲೆ ಎತ್ತಲೇ ಇಲ್ಲ. ಒರೆಸಿದ ಕೀಬೋರ್ಡಿನಲ್ಲಿ ಮ್ಯಾಕ್ರೋ ಕೊನೆಯವರೆಗೆ ಓಡಿತು, ನನ್ನ ಕೆಲಸ ಉಳಿಯಿತು.

ಸಂಜೆ ಕಾರ್ಯದರ್ಶಿಗಳು ಸಭೆಯ ನಡಾವಳಿ ಬರೆದು, ಟೈಪ್ ಮಾಡಲು ತಂದುಕೊಟ್ಟರು. 'ಅನಿವಾರ್ಯ ಕಾರಣಗಳಿಂದ ಕೆಟ್ಟಿದ್ದ ಗಣಕಯಂತ್ರವು ಮಾನ್ಯ ಅಧ್ಯಕ್ಷರ ವಿಶೇಷ ಪೂಜೆಯ ನಂತರ ಸರಿಹೋಗಿರುತ್ತದೆ' ಎಂದಿತ್ತು. ಅದನ್ನು ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವಳು ನಾನೇ.