ಕೆಂಪಿಯ ಉಗುರು, ಅಮ್ಮನ ಹಟ

ಇವತ್ತು ಪಕ್ಕದ ಮನೆಯವರು ಮೂರು ಜನ ಸೇರಿ, ಹೆದರಿದ ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿದು ಉಗುರು ಕತ್ತರಿಸುತ್ತಿದ್ದರು. ಹೋಗಿ ಬಿಡಿಸಿದೆ. "ನಿಮಗ್ಯಾಕೆ?" ಎಂದರು. ಯಾಕೆಂದು ಇಲ್ಲಿ ಬರೆಯುತ್ತೇನೆ.

ತುರುವೇಕೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಕೆಂಪಿ ಎಂಬ ನಾಯಿಯಿತ್ತು. ದೊಡ್ಡಪ್ಪ ಒಮ್ಮೆ ಅದರ ಕಾಲು ಕಟ್ಟಿ ಉಗುರು ಕತ್ತರಿಸಿ ರಕ್ತ ಬರಿಸಿದ್ದರು. ಆಮೇಲೆ ಯಾರು ಪಾದ ಮುಟ್ಟಿದರೂ ಅದು ಹಲ್ಲು ತೋರಿಸುತ್ತಿತ್ತು. ಉಗುರು ಬೆಳೆದು ಬಾಗಿ ಅದು ಕುಂಟತೊಡಗಿದಾಗ ದೊಡ್ಡಪ್ಪ ಮತ್ತೆ ಹಗ್ಗ ತಂದರು. "ಈ ಸಲ ಕಚ್ಚಕ್ಕೆ ಬಂದ್ರೆ ಮಾಯಸಂದ್ರದಾಚೆ ಬುಟ್ಟು ಬತ್ತೀನಿ."

ಅವರೆದುರು ಎಂದೂ ದನಿಯೆತ್ತದ ಅಮ್ಮ ಅಡ್ಡ ನಿಂತಳು. "ಹಗ್ಗ ಕೆಳಗಿಡಿ ಬಾವ. ನಾನು ಕತ್ತರಿಸ್ತೀನಿ."

ದಿನಾ ಮಧ್ಯಾಹ್ನ ಜಗಲಿಯಲ್ಲಿ ಕೂತು, ಕೊಬ್ಬರಿ ಚೂರು ಕೊಟ್ಟು ಪಾದ ಮುಟ್ಟುವಳು. ಗುರ್ ಎಂದರೆ ಕೈ ತೆಗೆಯುವಳು. ವಾರ ಕಳೆದ ಮೇಲೆ ಕೆಂಪಿ ತಾನೇ ಪಾದವನ್ನು ಅವಳ ತೊಡೆಯ ಮೇಲಿಟ್ಟಿತು. "ಉಗುರೊಳಗೆ ಕೆಂಪು ಕಾಣ್ತದಲ್ಲ, ಅಲ್ಲಿಗಂಟ ಹೋಗ್ಬಾರ್ದು ಕಣೇ. ತುದಿ ಮಾತ್ರ," ಎಂದು ನನಗೆ ತೋರಿಸಿ, ಪುಟ್ಟ ಅಡಕತ್ತರಿಯಿಂದ ಕತ್ತರಿಸಿದಳು. ದಿನಕ್ಕೊಂದೇ ಉಗುರು. ಒಂದು ಹನಿ ರಕ್ತವೂ ಬರಲಿಲ್ಲ. ಕುಂಟುವುದೂ ನಿಂತಿತು.

"ಹೆಂಗಸ್ರ ಹಟ," ಎಂದರು ದೊಡ್ಡಪ್ಪ.

"ಹೂಂ ಬಾವ, ಹಟಾನೇ," ಎಂದಳು ಅಮ್ಮ.

ಮರುವರ್ಷ ನನ್ನನ್ನು ಹೈಸ್ಕೂಲಿಗೆ ಕಳಿಸುವುದು ಬೇಡವೆಂದು ಅವರು ಹೇಳಿದಾಗಲೂ ಅಮ್ಮ ಅಡ್ಡ ನಿಂತಳು. ನಾನು ಓದಿದೆ.

ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಇವತ್ತಿನ ಜಗಳ ಹೇಳಿದೆ. "ವಸಿ ಜೋರಾಗೇ ಹೇಳ್ಬೇಕಾಗಿತ್ತು ಕಣೇ," ಎಂದಳು.